ಹಾರ ಹಿಡಿದ ಕೈಗಳು

ಇವತ್ತು ಹಲಬರ್ಗಾದ ಹಳೆಯ ಹೆಡ್‌ಮಾಸ್ತರರ ಮನೆಗೆ ಹೋದಾಗ, ಗೋಡೆಯ ಮೇಲಿನ ಅವರ ಚಿತ್ರ ಕಂಡು, ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದಂತಾಯಿತು.

ಅಪ್ಪ ಭಾಲ್ಕಿಯಲ್ಲಿ ಡ್ರಾಯಿಂಗ್ ಮಾಸ್ತರ್. ಸಂಜೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ತೀರಿಹೋದವರ ಫೋಟೊ ನೋಡಿ ದೊಡ್ಡ ಚಿತ್ರ ಮಾಡುತ್ತಿದ್ದರು. ಆ ಚಿತ್ರಗಳಿಗೆ ಚೆಂಡುಹೂವಿನ ಹಾರ ಬರೆಯುವುದು ನನ್ನ ಕೆಲಸ. ನನ್ನ ಬಾಲ್ಯದ ಒಂದು ಸಂಜೆ ಅಪ್ಪ ಚಹಾಕ್ಕೆ ಹೋದಾಗ, ಒಣಗಲು ಇಟ್ಟಿದ್ದ ಹೊಸ ಚಿತ್ರಕ್ಕೂ ಹಾರ ಬರೆದುಬಿಟ್ಟೆ.

ಅಪ್ಪ ಬಂದವರೇ ಬಾಗಿಲಲ್ಲಿ ನಿಂತುಬಿಟ್ಟರು. "ಯಾರ್ ಹೇಳಿದ್ರು ನಿನಗ? ಇವ್ರು ಇನ್ನಾ ಜೀವಂತ ಅದಾರ! ರಿಟೈರ್ ಆಗ್ಲತ್ತಾರ, ಈಗ ಒಯ್ಲಿಕ್ಕ ಬರ್ತಾರ!"

ಹಾರ ಒರೆಸಿದರೆ ಅದರಡಿ ಬರೆದಿದ್ದ ಅವರ ಕೋಟಿನ ಹಸಿ ಬಣ್ಣವೂ ಕಿತ್ತುಬರುತ್ತಿತ್ತು. ಅಷ್ಟರಲ್ಲಿ ಹೊರಗೆ ಹೆಡ್‌ಮಾಸ್ತರರ ಸೈಕಲ್ ನಿಂತಿತು. "ಮಾಸ್ತರ್, ತಯಾರ್ ಆತೇನ್ರಿ?"

"ಎರಡ್ ಮಿನಿಟ್ ತಡೀರಿ!"

ಅಪ್ಪ ಬ್ರಷ್ ಎತ್ತಿ, ಹಾರದ ಎರಡೂ ತುದಿಗೆ ಒಂದೊಂದು ಕೈ ಬರೆದರು. ಯಾರೋ ಸನ್ಮಾನದ ಹಾರ ಹಾಕುತ್ತಿರುವಂತೆ ಕಂಡಿತು.

ಹೆಡ್‌ಮಾಸ್ತರರು ಒಳಗೆ ಬಂದು ಚಿತ್ರದ ಹತ್ತಿರ ಬಾಗಿದರು. "ಇವು ಯಾರ ಕೈರಿ?"

"ನಿಮ್ಮ ಸಾಲಿ ಹುಡುಗೂರವ್ರಿ," ಎಂದರು ಅಪ್ಪ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಈಗ ಆ ಹೆಡ್‌ಮಾಸ್ತರರೂ ತೀರಿಹೋದರು; ಇವತ್ತು ಅವರ ಮಗಳು ಅದೇ ಚಿತ್ರಕ್ಕೆ ನಿಜವಾದ ಚೆಂಡುಹೂವಿನ ಹಾರ ಹಾಕಿದಳು. ನಾನು ಬರೆದ ಹಾರ ಅದರಡಿ ಮುಚ್ಚಿಹೋಯಿತು. ಅಪ್ಪ ಬರೆದ ಕೈಗಳು ಮಾತ್ರ ಹೊರಗೇ ಉಳಿದವು, ಈ ಹಾರವನ್ನೂ ಹಿಡಿದುಕೊಂಡು.