ಕೆಟ್ಟ ರಕ್ತ ತೆಗೆಯುವ ಹಿಲ್ಕಾ

ಕೆರೆಯಾಚೆಯ ಹಳ್ಳಿಗಳಲ್ಲಿ ಉಳಿದಿದ್ದ ಕೊನೆಯ ಕೊಂಬಿನವಳು ಹಿಲ್ಕಾ ಟಿರ್ಕೊನೆನ್. ಶನಿವಾರ ಯಾರ ಮನೆಯ ಸೌನಾ ಎಂಬ ಹಬೆಕೋಣೆ ಕಾದರೂ ಅವಳಿಗೆ ಕರೆ ಬರುತ್ತಿತ್ತು. ಹಬೆಯಲ್ಲಿ ಬೆವರಿದ ಬೆನ್ನನ್ನು ಎರಡು ಸಲ ತಟ್ಟುವಳು, ಸಣ್ಣ ಅಲಗಿನಿಂದ ಗೀರುವಳು, ಹಸುವಿನ ಕೊಂಬಿಟ್ಟು ಬಾಯಿಂದ ಗಾಳಿ ಎಳೆದು ಕೆಟ್ಟ ರಕ್ತ ತೆಗೆಯುವಳು. ಸೊಂಟನೋವು, ತಲೆನೋವು, ಗಂಡನ ಮೇಲಿನ ಸಿಟ್ಟು, ಎಲ್ಲಕ್ಕೂ ಅವಳಲ್ಲಿ ಅದೊಂದೇ ಮದ್ದು. ಡಾಕ್ಟರುಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ.

ಅವಳ ತಂಗಿಯ ಮಗಳು ಸಾತುವಿಗೆ ನಲವತ್ತು ತುಂಬುವ ಮೊದಲೇ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆ ಮನೆತನಕ್ಕೆ ಅಂಟಿಕೊಂಡ ಪಿಡುಗು ಅದು. ಆಸ್ಪತ್ರೆಯಿಂದ ಮರಳಿದವಳನ್ನು ಹಿಲ್ಕಾ ಸೌನಾಕ್ಕೆ ಎಳೆದುಕೊಂಡು ಹೋದಳು. “ಹೆದರ್ಬೇಡ ಮಗಾ” ಎಂದು ಭುಜ ಎರಡು ಸಲ ತಟ್ಟಿ ಕೊಂಬಿಟ್ಟಳು. ಚಳಿಗಾಲ ಮುಗಿಯುವುದರೊಳಗೆ ಸಾತು ಮತ್ತೆ ಬೇಕರಿಯಲ್ಲಿ ರೈ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಇನ್ನು ಹಿಲ್ಕಾಳ ಜಂಬ ಕೇಳಬೇಕೆ? ಅಂಗಡಿಯಲ್ಲಿ, ಚರ್ಚಿನ ಕಾಫಿಯ ಹೊತ್ತಿನಲ್ಲಿ, ಎಲ್ಲೆಲ್ಲೂ ಅದೇ ಕಥೆ.

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅದೇ ಪಿಡುಗು ಹಿಲ್ಕಾಳ ತಲೆಗೂ ಬಂತು. ಪುಣ್ಯಕ್ಕೆ ಬದುಕಿದಳು. ಬಲಗೈ ತುಸು ಸೋತಿತ್ತು, ಬೈಗುಳಕ್ಕೇನೂ ಕೊರತೆಯಿರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಸಾತುವನ್ನು ಪಕ್ಕಕ್ಕೆ ಕರೆದಳು.

“ಆಗ ನಿಮ್ಮ ರಕ್ತನಾಳಗಳು ಎಳೆಯವು. ಕೊಂಬಿಟ್ಟು ರಕ್ತದೊತ್ತಡ ಇಳಿದ್ರೂ ಹಿಗ್ಗಿ, ಮಿದುಳಿಗೆ ರಕ್ತ ತಲುಪಿಸ್ತಿದ್ವು. ನಿಮ್ಮ ದೊಡ್ಡಮ್ಮನವು ಗಡುಸಾಗಿವೆ. ಒತ್ತಡ ಏರಲೂ ಬಾರ್ದು, ಇಳೀಲೂ ಬಾರ್ದು. ಇಳಿದ್ರೆ ಮಿದುಳು ಒಣಗುತ್ತೆ.”

ಮುಂದಿನ ಶನಿವಾರವೇ ಹಿಲ್ಕಾ ಸೌನಾದ ಹಲಗೆಯ ಮೇಲೆ ಕುಳಿತು ಕೊಂಬನ್ನು ಸಾತುವಿನತ್ತ ಚಾಚಿದಳು. “ಕೊಂಬು ತಗೋ. ಒತ್ತಡ ಇಳಿಸು.”

“ಬೇಡ ದೊಡ್ಡಮ್ಮ. ಇಳೀಬಾರ್ದಂತೆ.”

“ಏರಬಾರ್ದಂತೆ, ಇಳೀಬಾರ್ದಂತೆ. ಆ ಡಾಕ್ಟರ್ ಹುಡುಗಿಗೆ ಏನು ಬೇಕು ಅಂತ ಅವಳಿಗೇ ಗೊತ್ತಿಲ್ಲ.”

“ನಿಮ್ಮ ವಯಸ್ಸಿಗೆ ಆಗಲ್ವಂತೆ.”

“ನಿನ್ನನ್ನ ಹೀಗೇ ತಾನೆ ಎಬ್ಬಿಸಿದ್ದು ನಾನು? ನಂಗೆ ಮಾಡೋಕೆ ಮಾತ್ರ ನಿಂಗೆ ಮನಸ್ಸಿಲ್ಲ, ಅಲ್ವಾ?”

ನನ್ನನ್ನು ಎಬ್ಬಿಸಿದ್ದು ನಿಮ್ಮ ಕೊಂಬಲ್ಲ, ನನ್ನ ವಯಸ್ಸು. ಮಾತು ಸಾತುವಿನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮುದುಕಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಕೊಂಬು, ಆ ಕಥೆ. ಅದನ್ನೂ ಕಿತ್ತುಕೊಳ್ಳಲು ಸಾತುವಿಗೆ ಮನಸ್ಸು ಬರಲಿಲ್ಲ. ಮಾತು ನುಂಗಿದಳು, ಕೊಂಬು ತೆಗೆದುಕೊಂಡಳು.

ರಕ್ತ ಸ್ವಲ್ಪವೇ ಬಂತು. ಬಿಸಿಗೆ ಹಿಲ್ಕಾಳ ಮುಖ ಅರಳಿತು. “ನೋಡು, ತಲೆ ಎಷ್ಟು ಹಗುರಾಯ್ತು” ಎಂದು ಎದ್ದು ನಿಂತಳು. ಮುಖ ಬಿಳಿಚಿತು, ಅಲ್ಲೇ ಕುಸಿದು ಬಿದ್ದಳು. ಜೀವ ಉಳಿಯಿತು, ಆದರೆ ಆಮೇಲೆ ಅವಳು ಮಾತಾಡಲಿಲ್ಲ.

ಹಿಲ್ಕಾ ಈಗ ಪೇಟೆಯ ವೃದ್ಧಾಶ್ರಮದಲ್ಲಿದ್ದಾಳೆ. ಅವಳ ಬಲಭಾಗ ಪೂರ್ತಿ ಸತ್ತಿದೆ. ಶನಿವಾರಗಳಂದು ಸಾತು ಹೋಗಿ ತಲೆ ಬಾಚುತ್ತಾಳೆ. ಮೊನ್ನೆ ಬಾಚುತ್ತಾ ಬಾಚುತ್ತಾ ಅಳು ಒತ್ತಿಬಂದು, ಅಂದು ನುಂಗಿದ್ದನ್ನೆಲ್ಲ ಹೇಳಿಬಿಟ್ಟಳು. “ನನ್ನನ್ನ ಎಬ್ಬಿಸಿದ್ದು ಕೊಂಬಲ್ಲ ದೊಡ್ಡಮ್ಮ, ನನ್ನ ವಯಸ್ಸು. ಗೊತ್ತಿದ್ದೂ ನಿಮಗೆ ಕೊಂಬಿಟ್ಟೆ.”

ಹಿಲ್ಕಾಳಿಗೆ ಎಷ್ಟು ತಿಳಿಯಿತೋ ಏನೋ. ಅಳುತ್ತಿದ್ದವಳ ಕಡೆ ನೋಡಿದಳು. ಎಡಗೈ ಮೆಲ್ಲಗೆ ಎದ್ದು ಸಾತುವಿನ ಭುಜವನ್ನು ಎರಡು ಸಲ ತಟ್ಟಿತು. ಆಮೇಲೆ ಅದೇ ಕೈ ಮಡಿಲಲ್ಲಿ ಕೊಂಬಿಗಾಗಿ ತಡಕಾಡಿತು.