ತಮ್ಮನಿಗೆ ಗೈಡ್ ನೋಡಲು ಹೋದದ್ದು

ತಮ್ಮ ತೀರಿಕೊಂಡ ಮೇಲೆ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ತಾಳವಾಡಿ ಹತ್ತಿರದ ಪಣಕಹಳ್ಳಿಯ ಮನೆಯಲ್ಲಿ ಒಳಗೂ ಹೊರಗೂ ಓಡಾಡುತ್ತೇನೆ. ನಾನು ಓದಿದ್ದು ಹತ್ತನೆಯ ತರಗತಿ. ಬರೆಯಲು ಕೂತರೆ ಸ್ವಲ್ಪ ಹೊತ್ತು ಕಾಲು ನಿಲ್ಲುತ್ತದೆ.

ಎಂಬತ್ತನೇ ಇಸವಿಯ ಆಸುಪಾಸಿನ ಬೇಸಿಗೆ. ಅವನು ಮೈಸೂರಿನಲ್ಲಿ ಡಾಕ್ಟರೇಟಿಗೆ ಸೇರಿದ್ದ. ರಾಗಿ ಪೈರಿಗೆ ಬೀಳುವ ಬೆಂಕಿರೋಗ ಅವನ ವಿಷಯ. ಇಬ್ಬರು ಪ್ರೊಫೆಸರರ ಲ್ಯಾಬುಗಳಲ್ಲಿ ಕೆಲವು ತಿಂಗಳು ಕೆಲಸ ಮಾಡಿ ನೋಡಿದ್ದ. ಸೋಮವಾರದೊಳಗೆ ಒಬ್ಬರನ್ನು ಗೈಡ್ ಎಂದು ಒಪ್ಪಿಕೊಳ್ಳಬೇಕಿತ್ತು, ಆಮೇಲೆ ಬದಲಾಯಿಸುವಂತಿರಲಿಲ್ಲ. ರಜೆಗೆ ಬಂದವನು ಊಟದ ಮಧ್ಯೆ ಎದ್ದು ಹೊಲದ ಕಡೆ ಹೋಗುತ್ತಿದ್ದ, ಹೋದ ಹಾಗೇ ತಿರುಗಿ ಬರುತ್ತಿದ್ದ.

"ದೊಡ್ಡ ಪ್ರೊಫೆಸರ್ ತಾವ ಮಿಷನ್ನು, ಎಸ್ರು ಎಲ್ಲಾ ಅದೆ ಕಣಕ್ಕ. ಇನ್ನೊಬ್ರ ತಾವ ಒಂದು ಅಳೇ ಮೈಕ್ರೋಸ್ಕೋಪು."

"ಅಲ್ಲಿ ಮೊದ್ಲೇ ಇರೋರು ಎಂಗವ್ರೆ?"

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹೆಂಗಸರು ಏನೋ ನೆಪ ಮಾಡಿಕೊಂಡು ಹೋಗಿ ಆ ಮನೆಯ ಸೊಸೆಯರನ್ನು ನೋಡಿ ಬರುತ್ತಾರೆ. ನಾನೂ ಬರುತ್ತೇನೆ ಎಂದೆ.

"ನನ್ನೇನು ಸೊಸೆ ಮಾಡಿ ಕಳಿಸ್ತಿದ್ದಿಯಾ?"

"ಸುಮ್ಕೆ ನಡಿಲಾ. ಸೊಸೇನಾದ್ರೆ ತವರಿಗೆ ಬುಡ್ತಾರೆ, ಗೈಡು ಬುಟ್ಟಾರಾ?"

ಮೈಸೂರಿನಲ್ಲಿ ಮೊದಲು ನೋಡಿದ ದೊಡ್ಡವರ ಲ್ಯಾಬು ಆಸ್ಪತ್ರೆಯಷ್ಟು ಚೊಕ್ಕಟ. ಏನು ಕೇಳಿದರೂ ಹುಡುಗರು ಒಮ್ಮೆ ಅವರ ಕೋಣೆಯ ಬಾಗಿಲ ಕಡೆ ನೋಡಿ ಉತ್ತರ ಕೊಡುತ್ತಿದ್ದರು. ಕಿವಿಯ ಬಳಿ ಕೂದಲು ನರೆತ ಒಬ್ಬ ವಿದ್ಯಾರ್ಥಿಗೆ, ಓದು ಯಾವಾಗ ಮುಗಿಯುತ್ತದೆ ಎಂದೆ. "ಸರ್ ಹೇಳಿದಾಗ" ಎಂದರು.

ಇನ್ನೊಂದರಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಒಬ್ಬ ಹುಡುಗಿ ಗೈಡಿಗೇ ತಪ್ಪು ತೋರಿಸುತ್ತಿದ್ದಳು. ಅವರು ಗೊಣಗುತ್ತ ಮೈಕ್ರೋಸ್ಕೋಪಿಗೆ ಬಗ್ಗಿ ನೋಡಿ, "ಸರಿ ಕಣಮ್ಮ, ನಿನ್ನದೇ ಸರಿ" ಎಂದರು.

ತಮ್ಮ ನನ್ನ ಮುಖ ನೋಡಿದ.

ದೊಡ್ಡವರಿಗೆ ಇಲ್ಲ ಎನ್ನಲು ಅವನೇ ಹೋದ. ನಾನು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆದೆ. ಅವರು ಮನಸ್ಸು ಮಾಡಿದರೆ ಮುಂದೆ ಎಲ್ಲೂ ಕೆಲಸ ಸಿಗದಂತೆ ಮಾಡಬಲ್ಲರು ಎಂದು ಬಸ್ಸಿನಲ್ಲಿ ಅವನೇ ಹೇಳಿದ್ದ.

"ಏನಂದ್ರ್ಲಾ?"

"ತಲೆ ಎತ್ನಿಲ್ಲ. ಬಾಗ್ಲು ಆಕ್ಕೊಂಡೋಗು ಅಂದ್ರು."

ಸೀದಾ ಆ ಇಕ್ಕಟ್ಟಿನ ಲ್ಯಾಬಿಗೆ ಹೋದೆವು. ಗೈಡು ಏನೂ ವಿಚಾರಿಸದೆ, ರೋಗ ಹಿಡಿದ ರಾಗಿ ಎಲೆಗಳ ಕಟ್ಟೊಂದನ್ನು ಅವನ ಮುಂದೆ ಇಟ್ಟರು. ಅವನು ಕೂತುಬಿಟ್ಟ.

"ಬಸ್ಟಾಂಡಿಗೆ ನೀನೇ ಓಗ್ತೀಯಾ ಅಕ್ಕ?" ಎಂದ, ಎಲೆಯಿಂದ ಕಣ್ಣೆತ್ತದೆ.

ದಾರಿ ಕೇಳಿಕೊಂಡು ಒಬ್ಬಳೇ ಬಂದೆ. ತಿರುಗಿಯೂ ನೋಡಲಿಲ್ಲವಲ್ಲ ಎಂಬ ಕೋಪ ಚಾಮರಾಜನಗರ ದಾಟುವವರೆಗೂ ಇತ್ತು. ಅಷ್ಟು ದಿನ ನಿಂತಲ್ಲಿ ನಿಲ್ಲದವನು ಅಲ್ಲಿ ಕೂತನಲ್ಲ ಎಂದು ಆಮೇಲೆ ಹೊಳೆಯಿತು. ಆದರೂ ಮನಸ್ಸು ಹದಕ್ಕೆ ಬರಲಿಲ್ಲ. ಇಳಿಯಬೇಕಾದ ತಾಳವಾಡಿ ಇನ್ನೂ ದೂರವಿರುವಾಗಲೇ ಕೂರಲಾಗದೆ ಸೀಟು ಬಿಟ್ಟು ಬಾಗಿಲ ಹತ್ತಿರ ನಿಂತೆ.