ದೀದೀ ಎಂಬ ಬಾಲ

ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತ ಎದ್ದು ನಿಂತನಲ್ಲ, ಎಲ್ಲಾ ಕೆಟ್ಟಿದ್ದು ಅಲ್ಲೇ.

ಸುಮ್ಮನೆ ಎದ್ದದ್ದಲ್ಲ. ಪೆನ್ನು ಕೆಳಗಿಟ್ಟು, ಎರಡೂ ಕೈ ಮುಂದೆ ಕಟ್ಟಿ, ತಲೆ ಬಗ್ಗಿಸಿ ನಿಂತ. ಎದುರಿಗಿದ್ದವನು ಯಾರು ಅಂತೀರಿ? ಹದಿನಾಲ್ಕು ದಿನ ಹಾಯಿದೋಣಿಯಲ್ಲಿ ಕೂತು ದ್ವೀಪದೇಶದ ದಕ್ಷಿಣ ತುದಿಯ ಅಡ್ಡುವಿನಿಂದ ರಾಜಧಾನಿ ಮಾಲೆಗೆ ಬಂದಿಳಿದ ಇಪ್ಪತ್ನಾಲ್ಕರ ಇದ್ರೀಸ್. ಕೂದಲಲ್ಲಿ ಉಪ್ಪು ಕಟ್ಟಿದೆ, ಕಾಲಲ್ಲಿ ಚಪ್ಪಲಿ ಇಲ್ಲ, ಮೈಯೆಲ್ಲ ಒಣಮೀನಿನ ನಾತ. ಪಡೆಗೆ ಸೇರಬೇಕು ಅಂತ ಬಂದವನು ಹೆಸರು ಕೇಳಿದಾಗ ಹೇಳಿದ್ದು ಇಷ್ಟೇ: "ಇದ್ರೀಸ್ ದೀದೀ."

ದೀದೀ ಎಂದರೆ ಅಕ್ಕ ಅಲ್ಲ. ಮಾಲೆಯಲ್ಲಿ ಅದು ಅರಸು ಮನೆತನದವರ ಹೆಸರಿಗಿರುವ ಬಾಲ. ಆ ಬಾಲ ಕಂಡರೆ ದಾರಿ ಬಿಡಬೇಕು. ಅಡ್ಡುವಿನಲ್ಲಿ ಅದೇ ಬಾಲ ತೆಂಗಿನಮರ ಹತ್ತುವವನಿಗೂ ಇದೆ, ಮೀನು ಕುಯ್ಯುವವನಿಗೂ ಇದೆ, ಊರಿನ ಕಳ್ಳನಿಗೂ ಇದೆ.

"ತಾವು ಯಾವ ಮನೆತನದೋರು, ಸ್ವಾಮಿ?" ಅಂದ ಗುಮಾಸ್ತ.

"ಅಡ್ಡುದವನು ಕಣಣ್ಣ. ಮೀನು ಹಿಡಿಯೋ ಮನೆ."

ಗುಮಾಸ್ತ ಕೂತುಬಿಟ್ಟ. ಎದ್ದದ್ದು, ಕೂತದ್ದು ಎಲ್ಲ ಸೇರಿ ಮೂರು ಸೆಕೆಂಡು. ಆದರೆ ಬಾಗಿಲ ಬಳಿ ಕಾವಲಿಗಿದ್ದ ಸತ್ತಾರ್ ಎಂಬ ಸಿಪಾಯಿ ಆ ಮೂರು ಸೆಕೆಂಡನ್ನು ಕಣ್ಣಾರೆ ಕಂಡಿದ್ದ. ಸತ್ತಾರ್ ಮಾಲೆಯಲ್ಲೇ ಹುಟ್ಟಿ ಬೆಳೆದವನು, ಬಾಯಿ ಅಂದರೆ ಬಾಯಿ. ಮಧ್ಯಾಹ್ನ ಮೀನುಸಾರು ಬಡಿಸುವ ಹೊತ್ತಿಗೆ ಸುದ್ದಿ ಇಡೀ ಬ್ಯಾರಕ್ಕಿನ ಎಲೆ ಎಲೆಗೂ ಬಿದ್ದಿತ್ತು.

ಇಡೀ ದೇಶಕ್ಕೆ ಇದ್ದದ್ದು ಅದೊಂದೇ ಪಡೆ. ಸೈನ್ಯ ಅಂದರೂ ಅದೇ, ಪೊಲೀಸು ಅಂದರೂ ಅದೇ. ಬೆಂಕಿ ಬಿದ್ದರೆ ಕೊಳವೆ ಹಿಡಿದು ಓಡುವವರು, ಜೈಲು ಕಾಯುವವರು, ಹಬ್ಬದಲ್ಲಿ ಬ್ಯಾಂಡು ಬಾರಿಸುವವರು ಎಲ್ಲ ಅವರೇ. ಸುಲ್ತಾನರಿದ್ದಾಗ ಅರಮನೆ ಕಾಯಲು ಈಟಿ ಹಿಡಿದು ನಿಲ್ಲುತ್ತಿದ್ದವರ ಸಂತತಿ ಅದು. ಸುಲ್ತಾನರು ಹೋದರು, ಈಟಿ ಹೋಗಿ ರೈಫಲ್ ಬಂತು, ಜಂಬ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಧಿಕಾರಿಗಳು ದೊಡ್ಡ ಮನೆತನದವರು, ಸಾರ್ಜೆಂಟುಗಳು ಮಾಲೆಯವರು, ಸಿಪಾಯಿಗಳು ಹೆಚ್ಚಾಗಿ ಸುತ್ತಲಿನ ದ್ವೀಪದವರು, ಎಲ್ಲರಿಗಿಂತ ಕೆಳಗೆ ದಕ್ಷಿಣದವರು. ದಕ್ಷಿಣದವರು ಹಿಂದೊಮ್ಮೆ ನಮಗೆ ಮಾಲೆಯ ಸಹವಾಸವೇ ಬೇಡ ಅಂತ ಬೇರೆ ಬಾವುಟ ಹಾರಿಸಿದ್ದರು. ಬಾವುಟ ನಾಲ್ಕೈದು ವರ್ಷಕ್ಕೆ ಇಳಿದಿತ್ತು. ಮಾಲೆಯವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆ ಬಾವುಟ ಇಳಿದ ಮೇಲೆ ಈ ಪಡೆಯ ನಾಲ್ಕು ಜನ ರೈಫಲ್ ಹಿಡಿದು ಅಡ್ಡುವಿನ ದಡಕ್ಕೆ ಬಂದಿಳಿದಿದ್ದರು. ಯಾರನ್ನೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೂ ಇದ್ರೀಸನ ಅಪ್ಪ ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಮುಂದೆ ನಿಂತು ಹಲ್ಲು ಬಿಡುತ್ತಲೇ ಇದ್ದ. ಆ ಹಲ್ಲು ನೋಡಿದ ದಿನವೇ, ಇನ್ನೂ ಹುಡುಗನಾಗಿದ್ದ ಇದ್ರೀಸ್ ತೀರ್ಮಾನ ಮಾಡಿಬಿಟ್ಟ: ರೈಫಲಿನ ಮುಂದೆ ನಿಲ್ಲಬಾರದು, ಹಿಂದೆ ನಿಲ್ಲಬೇಕು. ಅಡ್ಡುವಿನದೇ ಗನ್ ಎಂಬ ದ್ವೀಪದ ವಿಮಾನ ನೆಲೆಯಲ್ಲಿ ಬ್ರಿಟಿಷರ ತಟ್ಟೆ ತೊಳೆಯುತ್ತಿದ್ದವನು, ಅವರು ಗಂಟುಮೂಟೆ ಕಟ್ಟಿ ಹೋದ ತಿಂಗಳೇ, ಮದುವೆಯಾಗಿ ವರ್ಷ ತುಂಬದ ಹೆಂಡತಿ ಸನ್ಫಾಳನ್ನು ಅಲ್ಲೇ ಬಿಟ್ಟು ದೋಣಿ ಹತ್ತಿದ್ದ.

"ರೈಫಲ್ ಕೊಟ್ಟ ದಿನ ನಿನ್ನ ಕರೆಸ್ಕೋತೀನಿ," ಅಂದಿದ್ದ.

"ಕೊಡದಿದ್ರೆ?" ಅಂದಿದ್ದಳು ಸನ್ಫಾ. "ನೀರು ಹೊತ್ಕೊಂಡು ಇರ್ತೀಯಾ?"

ಅವಳ ಬಾಯಿಗೆ ಸಕ್ಕರೆ ಹಾಕಬೇಕು, ಹಾಗೇ ಆಯಿತು. ಅವನಿಗೆ ಸಿಕ್ಕಿದ್ದು ಪಾಯಿಖಾನೆಯ ಬಕೆಟ್ಟು, ಅಡುಗೆಮನೆಯ ಈರುಳ್ಳಿ, ಮತ್ತೆ ಈ ಭಾಷೆ.

ಮಾಲೆಯ ಮಾತಿನಲ್ಲಿ ಬರುವುದಕ್ಕೆ, ಹೋಗುವುದಕ್ಕೆ, ಉಣ್ಣುವುದಕ್ಕೆ, ಎಲ್ಲದಕ್ಕೂ ಮೂರು ಮೂರು ಪದ. ನಮ್ಮಂಥವರಿಗೆ ಒಂದು, ಹಿರಿಯರಿಗೆ ಒಂದು, ದೊರೆಗಳಿಗೇ ಮೀಸಲಾದದ್ದು ಇನ್ನೊಂದು. ಅಡ್ಡುವಿನಲ್ಲಿ ಆ ರಗಳೆಯೇ ಇಲ್ಲ. ಕಾಗೆಯೂ ಬರುತ್ತದೆ, ಖಾಜಿಯೂ ಬರುತ್ತಾನೆ, ಎರಡಕ್ಕೂ ಒಂದೇ ಮಾತು. ಬ್ಯಾರಕ್ಕಿನವರು ದೊರೆಗಳ ಪದಗಳನ್ನೆಲ್ಲ ತಂದು ಈ ಬಕೆಟ್ಟು ಹಿಡಿದವನ ತಲೆಗೆ ಸುರಿದರು.

"ಪ್ರಭುಗಳು ಎಚ್ಚೆತ್ತರೇ?" ಬೆಳಗಾದರೆ ಸತ್ತಾರನ ರಾಗ. "ಪಾಯಿಖಾನೆ ತುಂಬಿ ತುಳುಕ್ತಿದೆ. ತಾವು ಅಲ್ಲಿಗೆ ದಯಮಾಡಿಸಬೇಕು!"

"ಹುಷಾರು ಕಣ್ರೋ, ಪ್ರಭುಗಳ ಪಾದಕ್ಕೆ ಉಚ್ಚೆ ತಾಗೀತು!" ಎಂದು ಇನ್ನೊಬ್ಬ.

ಸಾರ್ಜೆಂಟ್ ಶಕೀಬ್ ಇವರನ್ನೆಲ್ಲ ಮೀರಿಸಿದವನು. ಬಾಯಲ್ಲಿ ಸದಾ ಅಡಿಕೆ. ಕವಾಯತಿನಲ್ಲಿ ಎಲ್ಲರ ಹೆಗಲ ಮೇಲೆ ರೈಫಲ್ ಇದ್ದರೆ ಇದ್ರೀಸನ ಹೆಗಲ ಮೇಲೆ ತೆಂಗಿನ ಗರಿಯ ದಿಂಡು ಇಡಿಸಿ, ಇಡೀ ಸಾಲಿನಿಂದ ಅದಕ್ಕೆ ಸಲಾಮು ಹೊಡೆಸುತ್ತಿದ್ದ. "ಪ್ರಭುಗಳು ಶಸ್ತ್ರ ಧರಿಸಿದ್ದಾರೆ, ನೋಡ್ಕೊಂಡು ಕಣ್ಣು ತಂಪು ಮಾಡ್ಕೊಳ್ರೋ!" ದಿಂಡು ಒಂದಿಷ್ಟು ವಾಲಿದರೆ ಅದರಿಂದಲೇ ಮೊಣಕಾಲಿನ ಹಿಂದೆ ಬಾರಿಸುತ್ತಿದ್ದ. ಹೊಡೆಯುವ ಮೊದಲು ಮರೆಯದೆ "ಅಪ್ಪಣೆಯೇ, ಪ್ರಭು?" ಎಂದು ಕೇಳುತ್ತಿದ್ದ.

ಒಂದು ದಿನ ಏಟಿನ ಉರಿಗೋ ಏನೋ ಇದ್ರೀಸನ ಬಾಯಿಂದ ಬಂತು: "ಅಪ್ಪಣೆ ಕೊಡಿಸಿದ್ದೇವೆ. ಮೆಲ್ಲಗೆ ಹೊಡೆಯತಕ್ಕದ್ದು."

ಬ್ಯಾರಕ್ಕಿಗೆ ಬ್ಯಾರಕ್ಕೇ ಬಿದ್ದು ಬಿದ್ದು ನಕ್ಕಿತು. ಶಕೀಬನೂ ಅಡಿಕೆ ಉಗಿದು ನಕ್ಕ, ಅವತ್ತು ಎರಡನೇ ಏಟು ಬೀಳಲಿಲ್ಲ. ಇದ್ರೀಸನಿಗೆ ದಾರಿ ಸಿಕ್ಕಿಬಿಟ್ಟಿತು. ಅಂದಿನಿಂದ ಯಾರು ಪ್ರಭು ಅಂದರೂ ಅವನು ಪ್ರಭುವೇ. "ನಾವು ಈರುಳ್ಳಿ ಸುಲಿಯಲು ಬಿಜಯಂಗೈಯುತ್ತಿದ್ದೇವೆ, ದಾರಿ ಬಿಡಿ!" "ನಮ್ಮ ಆರೋಗಣೆಗೆ ಮೀನಿನ ತಲೆ ಬರಲಿ!" ನಗಿಸಿದ ದಿನ ತಲೆಯ ಜೊತೆ ಒಂದು ತುಂಡೂ ಬರುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಯಾರಾದರೂ ದೊರೆಮಾತು ಎತ್ತಿದರೆ ಸಾಕು, ಅವನ ನಾಲಗೆ ತಾನಾಗಿಯೇ ಕುಣಿಯಲು ಶುರು ಮಾಡುತ್ತಿತ್ತು.

ಈಗ ಅಸಲು ವಿಷಯ. ವರ್ಷಕ್ಕೊಮ್ಮೆ, ರಾಷ್ಟ್ರೀಯ ದಿನಕ್ಕೆ ಮೊದಲು, ಹಿರಿಯ ಅಧಿಕಾರಿ ಬಂದು ಸಾಲು ನೋಡಿ, ಯಾರಿಗೆ ರೈಫಲ್ ಎಂದು ಹೇಳುತ್ತಿದ್ದ. ಮೂರು ಸಲ ನಿಂತೂ ಸಿಗದವನು ಪಡೆಯ ಬಟ್ಟೆ ಬಿಚ್ಚಿಟ್ಟು ಊರಿನ ದೋಣಿ ಹತ್ತಬೇಕು. ಇದ್ರೀಸ್ ಎರಡು ಸಲ ನಿಂತಾಗಿತ್ತು. ಎರಡು ಸಲವೂ ಬಂದಿದ್ದ ಅಧಿಕಾರಿ ಅವನ ಮುಂದೆ ಕಾಲನ್ನೂ ನಿಲ್ಲಿಸಿರಲಿಲ್ಲ. ಇದು ಮೂರನೆಯದು, ಕೊನೆಯದು. ಈ ಸಲ ಬರುವವರು ಹೊಸಬರು, ನಜ್ಮುದ್ದೀನ್ ದೀದೀ. ಅವರು ನಿಜವಾದ ದೀದೀ, ಅಜ್ಜನ ಅಜ್ಜನ ಕಾಲದಿಂದ ಅರಮನೆಯ ನಂಟು.

"ನಂಗೆ ಸರಿಯಾಗಿ ಮಾತಾಡೋದು ಹೇಳ್ಕೊಡೋ ಸತ್ತಾರಣ್ಣ," ಎಂದು ಕೈ ಹಿಡಿದುಕೊಂಡ ಇದ್ರೀಸ್.

ಸತ್ತಾರನಿಗೆ ಅದೇನು ಕರುಣೆ ಬಂತೋ, ನಿಜವಾಗಿಯೂ ಹೇಳಿಕೊಟ್ಟ. "ಅವ್ರು ಏನೇ ಕೇಳ್ಲಿ, ನಿನ್ನ ಬಗ್ಗೆ ಹೇಳ್ವಾಗ ಕೆಳಗಿನ ಪದ. ಬಂದೆ, ತಿಂದೆ, ಮಲಗಿದೆ. ಅವ್ರ ಬಗ್ಗೆ ಆದ್ರೆ ಮೇಲಿನ ಪದ. ಬೇರೆ ಏನೂ ಒದರ್ಬೇಡ, ಕೋಡಂಗಿ." ಎಂಟು ದಿನ ಇದ್ರೀಸ್ ಈರುಳ್ಳಿಯ ಮುಂದೆ ಕೂತು ಗುನುಗಿದ: ಬಂದೆ, ತಿಂದೆ, ಮಲಗಿದೆ. ಈರುಳ್ಳಿಗೋ ಆಸೆಗೋ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆ ಬೆಳಿಗ್ಗೆ ಬಿಸಿಲಲ್ಲಿ ಸಾಲು ನಿಂತಿತು. ಬಿಳಿ ಮರಳು, ಬಿಳಿ ಗೋಡೆ, ಕಣ್ಣು ಬಿಡಲಾಗದ ಬೆಳಕು. ನಜ್ಮುದ್ದೀನ್ ದೀದೀ ಹೆಸರಿನ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ "ಏನಯ್ಯಾ, ಎಲ್ಲಿಯವನು" ಎನ್ನುತ್ತಾ ಬಂದರು. ಇದ್ರೀಸನ ಹೆಸರು ಕಂಡದ್ದೇ ನಿಂತರು. ಪಟ್ಟಿ ಮಡಚಿದರು. ತಮ್ಮ ಕುಲದ ಹುಡುಗನೊಬ್ಬ ಸಾಮಾನ್ಯರ ಸಾಲಲ್ಲಿ ಬಿಸಿಲಿಗೆ ನಿಂತಿದ್ದಾನಲ್ಲ ಎಂದು ಅವರ ಮುಖ ಮೆತ್ತಗಾಯಿತು. ತಲೆ ತುಸು ಬಾಗಿಸಿ, ಮನಸಾರೆ, ಮೇಲಿನ ಭಾಷೆಯಲ್ಲೇ ಕೇಳಿದರು:

"ತಾವು ಇಲ್ಲಿಗೆ ಯಾವಾಗ ದಯಮಾಡಿಸಿದಿರಿ? ಬೆಳಗಿನ ಆರೋಗಣೆ ಆಯಿತೇ?"

ಎಂಥ ಸಾಹೇಬರಪ್ಪ! ಇವರಿಗೂ ತಮಾಷೆ ಗೊತ್ತಿದೆ! ಶಕೀಬ್ ಮೊದಲೇ ಹೇಳಿಟ್ಟಿರಬೇಕು ಅಂದುಕೊಂಡ ಇದ್ರೀಸ್. ನಗಿಸಿದರೆ ತುಂಡು ಸಿಗುತ್ತದೆ ಎನ್ನುವುದನ್ನು ಎರಡು ವರ್ಷ ಹೊಟ್ಟೆಯೇ ಕಲಿತಿತ್ತಲ್ಲ. ಬಂದೆ, ತಿಂದೆ, ಮಲಗಿದೆ ಎಲ್ಲವೂ ಹಾರಿಹೋಯಿತು. ಎದೆಯುಬ್ಬಿಸಿ, ಮೂಗು ಮೇಲೆತ್ತಿ, ಬ್ಯಾರಕ್ಕಿನ ಧಾಟಿಯಲ್ಲೇ ಒದರಿದ:

"ನಾವು ಪಾಯಿಖಾನೆಗೆ ಬಿಜಯಂಗೈದು ನೇರ ಇಲ್ಲಿಗೇ ದಯಮಾಡಿಸಿದೆವು! ಈರುಳ್ಳಿ ಸಿಪ್ಪೆಯ ಆರೋಗಣೆಯೂ ಆಯಿತು! ಬಕೆಟ್ಟು ಹೊರಲು ಅಪ್ಪಣೆ ಕೊಡಿಸುತ್ತೇವೆ, ತಾವು ಬರುವಿರೋ?"

ಯಾರೂ ನಗಲಿಲ್ಲ. ಸತ್ತಾರ್ ಕಣ್ಣು ಮುಚ್ಚಿಕೊಂಡ. ಶಕೀಬನ ಬಾಯಲ್ಲಿ ಅಡಿಕೆ ನಿಂತಿತು.

"ಯಾವ ಮನೆತನ?" ಎಂದರು ನಜ್ಮುದ್ದೀನ್ ದೀದೀ. ಇನ್ನೂ ಮೆಲುದನಿಯೇ.

"ಅ... ಅಡ್ಡು, ಪ್ರಭು. ಮೀನು ಹಿಡಿಯೋರು."

ಮೀನು ಹಿಡಿಯುವವನಿಗೆ, ಅದೂ ದಕ್ಷಿಣದವನಿಗೆ, ಇಡೀ ಸಾಲಿನ ಮುಂದೆ ತಲೆ ಬಾಗಿಸಿಬಿಟ್ಟಿದ್ದರಲ್ಲ! ಅವರ ಕಿವಿ ಕೆಂಪಾದದ್ದು ಕೊನೆಯ ಸಾಲಿಗೂ ಕಂಡಿತು. ಆದರೆ ಬೈಯಲಿಲ್ಲ. ದೊಡ್ಡ ಮನೆತನದವರು ಬೈಯುವುದಿಲ್ಲ.

"ಸಾರ್ಜೆಂಟ್, ಒಂದು ರೈಫಲ್ ತಗೊಂಡು ಬಾ." ಶಕೀಬ್ ಓಡಿ ತಂದ. ಅಧಿಕಾರಿ ಅದನ್ನು ಇದ್ರೀಸನ ಮೂಗಿನ ನೇರಕ್ಕೆ ಅಡ್ಡ ಹಿಡಿದರು. "ಬೇಕಾ?"

"ಬೇಕು, ಪ್ರಭು."

"ಹೆಸರಿನ ಹಿಂದಿರೋದನ್ನ ಇಲ್ಲಿ ಬಿಟ್ಟು ಇದನ್ನ ತಗೋ. ಬಿಡಲ್ಲ ಅಂದ್ರೆ ಅದನ್ನೇ ಕಟ್ಕೊಂಡು ದೋಣಿ ಹತ್ತು. ತಗೊಂಡ ಮೇಲೆ ಯಾವತ್ತಾದ್ರೂ, ಯಾರಾದ್ರೂ ಆ ಹೆಸರು ಹಿಡಿದು ಕರೆದಾಗ ನೀನು ಓಗೊಟ್ಟೆ ಅಂತ ನನ್ನ ಕಿವಿಗೆ ಬಿತ್ತೋ, ಅವತ್ತೇ ರೈಫಲ್ ವಾಪಸ್ಸು, ನೀನು ದೋಣಿಗೆ."

ಅಪ್ಪ ಕೊಟ್ಟ ಹೆಸರು, ಅಜ್ಜ ಹೊತ್ತ ಹೆಸರು. ಇದ್ರೀಸ್ ಉಸಿರನ್ನೂ ಎಳೆದುಕೊಳ್ಳಲಿಲ್ಲ. ಎರಡೂ ಕೈ ಚಾಚಿಬಿಟ್ಟ. ಗುಮಾಸ್ತ ಅಲ್ಲೇ ಸ್ಕೇಲು ಇಟ್ಟು ಆ ಎರಡಕ್ಷರದ ಮೇಲೆ ಗೆರೆ ಎಳೆದ.

ಆಮೇಲೆ ಯಾರೂ ಅವನನ್ನು ಪ್ರಭು ಅನ್ನಲಿಲ್ಲ. ಮೀನಿನ ಹೆಚ್ಚುವರಿ ತುಂಡೂ ಬರಲಿಲ್ಲ. ಆದರೆ ರೈಫಲ್ ಇತ್ತು! ದಿನಕ್ಕೆ ಮೂರು ಸಲ ಎಣ್ಣೆ ಒರೆಸುತ್ತಿದ್ದ. ಸನ್ಫಾಳಿಗೆ ಬಾ ಅಂತ ಅಡ್ಡುವಿನ ದೋಣಿಯವರ ಕೈಲಿ ಹೇಳಿ ಕಳಿಸಿದ. ರೈಫಲಿನ ಸುದ್ದಿ ಹೇಳಿದ, ಹೆಸರಿನ ಸುದ್ದಿ ಹೇಳಲಿಲ್ಲ.

ಮೂರು ತಿಂಗಳಿಗೆ ಅವಳು ಬಂದೇಬಿಟ್ಟಳು. ಉರಿಬಿಸಿಲಿನ ಮಧ್ಯಾಹ್ನ, ಕಂಕುಳಲ್ಲಿ ಬಾಳೆಯೆಲೆ ಸುತ್ತಿದ ಕೊಬ್ಬರಿ ಮಿಠಾಯಿಯ ಗಂಟು, ದೋಣಿಯಿಂದ ನೇರ ಪಡೆಯ ಬಾಗಿಲಿಗೆ. ಬಾಗಿಲಲ್ಲಿ ಕಾವಲಿಗಿದ್ದದ್ದು ಇದ್ರೀಸನೇ. ಅವನ ಪಕ್ಕದಲ್ಲೇ ಸ್ಟೂಲಿನ ಮೇಲೆ ಅಡಿಕೆ ಜಗಿಯುತ್ತಾ ಶಕೀಬ್.

ಟೋಪಿ, ಮೀಸೆ, ರೈಫಲ್. ಆದರೂ ಅವಳಿಗೆ ಗುರುತು ಸಿಗದೆ ಇರುತ್ತದಾ? ಹತ್ತು ಹೆಜ್ಜೆ ದೂರದಿಂದಲೇ ಕೂಗಿದಳು. "ಓ ಇದ್ರೀಸ್ ದೀದೀ! ಬಂದಿವ್ನಿ ನೋಡು!"

ಇದ್ರೀಸ್ ಗೋಡೆ ನೋಡಿದ.

ಶಕೀಬನಿಗೆ ಹಬ್ಬ. ನಿಧಾನವಾಗಿ ಎದ್ದ. "ಯಾರು ಬೇಕಮ್ಮಾ?"

"ನನ್ ಗಂಡ. ಇಲ್ಲೇ ನಿಂತವ್ನಲ್ಲ! ಇದ್ರೀಸ್ ದೀದೀ."

"ದೀದೀನಾ?" ಶಕೀಬ್ ಇದ್ರೀಸನ ಕಡೆ ತಿರುಗಿದ. "ಏನಪ್ಪಾ ಸಿಪಾಯಿ, ಆ ಹೆಸರಿನೋನು ಯಾರಾದ್ರೂ ಇದ್ದಾನಾ ನಮ್ಮ ಪಡೇಲಿ?"

ಇದ್ರೀಸ್ ರೈಫಲನ್ನು ಇನ್ನಷ್ಟು ನೆಟ್ಟಗೆ ಹಿಡಿದ.

"ಇಲ್ಲ, ಸಾರ್ಜೆಂಟ್."

ಸನ್ಫಾ ಅವನ ಮುಖ ನೋಡಿದಳು, ರೈಫಲ್ ನೋಡಿದಳು, ಮತ್ತೆ ಮುಖ ನೋಡಿದಳು. ಅವಳೇನು ದಡ್ಡಿಯಲ್ಲ. ಅವನ ತುಟಿ ನಡುಗುತ್ತಿದ್ದದ್ದು ಅವಳಿಗೆ ಕಂಡಿತು, ರೈಫಲ್ ನಡುಗದೆ ಇದ್ದದ್ದೂ ಕಂಡಿತು. ಶಕೀಬನ ಕಡೆ ತಿರುಗಿ ಕೇಳಿದಳು.

"ಹಂಗಾದ್ರೆ ಸತ್ತೋದ ಅಂತ ಊರಲ್ಲಿ ಹೇಳ್ಲಾ?"

"ನಂಗೇನು ಗೊತ್ತಮ್ಮಾ, ಕಾವಲಿನೋನನ್ನೇ ಕೇಳು," ಅಂದ ಶಕೀಬ್, ಕಣ್ಣಲ್ಲೆಲ್ಲ ನಗು ತುಂಬಿಕೊಂಡು. "ಹೇಳಯ್ಯಾ. ಬಿಸಿಲಲ್ಲಿ ಹೆಂಗಸನ್ನ ಕಾಯಿಸ್ಬಾರ್ದು."

ಬ್ಯಾರಕ್ಕಿನ ಕಿಟಕಿಗಳಲ್ಲಿ ಆಗಲೇ ತಲೆಗಳು ಸೇರಿದ್ದವು. ಸತ್ತಾರನ ತಲೆಯೂ ಇತ್ತು.

"ಹಾಗೇ ಹೇಳಿ," ಅಂದ ಇದ್ರೀಸ್.

ಸನ್ಫಾ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. "ಗಂಡ ಸತ್ತೋಳು ನಾಕು ತಿಂಗ್ಳು ಹತ್ತು ದಿನ ಕಾಯ್ಬೇಕು. ಆಮೇಲೆ ಬೇರೆ ಮದ್ವೆ ಆಗ್ಬೋದು. ಇವತ್ತಿಂದ ಎಣಿಸ್ತೀನಿ." ಒಂದು ಮಿಠಾಯಿಯ ಎಲೆ ಬಿಡಿಸಿ ಬಾಯಿಗೆ ಹಾಕಿಕೊಂಡು, ಜಗಿಯುತ್ತಲೇ ದೋಣಿಕಟ್ಟೆಯ ಕಡೆ ನಡೆದಳು.

"ಭೇಷ್, ಸಿಪಾಯಿ!" ಎಂದು ಶಕೀಬ್ ಅವನ ಬೆನ್ನು ತಟ್ಟಿದ, ಮತ್ತೆ ಸ್ಟೂಲಿನ ಮೇಲೆ ಕೂತ. ಇದ್ರೀಸನ ಕಾವಲು ಮುಗಿಯಲು ಇನ್ನೂ ಮೂರು ಗಂಟೆಯಿತ್ತು, ಅಡ್ಡುವಿನ ದೋಣಿ ಹಾಯಿ ಏರಿಸಲು ಎರಡು.